ಕಾಳಿ ನದಿಗೆ ಯಾವ ವೇಕ್‌ಬೋರ್ಡ್? ನಿಲ್ಲಲು ಕಲಿತವರು ಮುಂದಿನ ಬೋರ್ಡ್ ಕೊಳ್ಳುವಾಗ

ವೇಕ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಹಲಗೆ, ತಗೋಬೇಕು, ಯಾವುದು ಒಳ್ಳೆಯದು ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮನ್ನು ಎಳೆಯುವುದು ಯಾವ ಬೋಟು? ಹೆಚ್ಚಿನವರು ಸುಮ್ನೆ ನನ್ನ ಮುಖ ನೋಡುತ್ತಾರೆ. ಬೋರ್ಡಿನ ಬಣ್ಣ ಗೊತ್ತಿರುತ್ತದೆ, ಕಂಪನಿ ಗೊತ್ತಿರುತ್ತದೆ, ಯಾವ ವಿಡಿಯೋದಲ್ಲಿ ಯಾರು ಅದರ ಮೇಲೆ ಪಲ್ಟಿ ಹೊಡೆದರು ಅನ್ನುವುದೂ ಗೊತ್ತಿರುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿ ಏನಿದೆ ಅನ್ನುವುದನ್ನು ಮಾತ್ರ ಯೋಚಿಸಿರುವುದಿಲ್ಲ.

ನನ್ನ ಕಸುಬು ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್, ರಿಪೇರಿ. ಅಂಗಡಿ ಕಾರವಾರದ ಸದಾಶಿವಗಡದ ಬದಿಗೆ. ಮಳೆಗಾಲ ಮುಗಿದು ಕಾಳಿ ನದಿಯ ಕೆಂಪು ನೀರು ತಿಳಿಯಾದ ಮೇಲೆ, ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ, ಬೋಟ್ ಓಡಿಸಿ ಹುಡುಗರನ್ನು ಎಳೆಯುತ್ತೇನೆ. ನನ್ನ ಸರದಿ ಬಂದಾಗ ನಾನೂ ಹಗ್ಗ ಹಿಡಿಯುತ್ತೇನೆ. ಓಡಿಸುವವನಿಗೆ ಕನ್ನಡಿಯಲ್ಲಿ ಕಾಣದ್ದೂ ಎಂಜಿನ್ ಸದ್ದಿನಲ್ಲಿ ಗೊತ್ತಾಗುತ್ತದೆ. ಹಿಂದಿನವನು ನೀರಿನಿಂದ ಏಳಲಾರದೆ ಒದ್ದಾಡುತ್ತಿದ್ದರೆ ಎಂಜಿನ್ನೂ ಒದ್ದಾಡುತ್ತದೆ.

ಬೋಟಿನ ಮಾತು ಯಾಕೆ ಅಂದರೆ, ವೇಕ್‌ಬೋರ್ಡ್ ಕಂಪನಿಗಳು ತಮ್ಮ ದುಬಾರಿ ಬೋರ್ಡುಗಳನ್ನು ದೊಡ್ಡ ವೇಕ್ ಬೋಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡುತ್ತವೆ. ಅಮೆರಿಕದ ಸರೋವರಗಳಲ್ಲಿ ಓಡುವ ಆ ಬೋಟುಗಳ ಹೊಟ್ಟೆಯಲ್ಲಿ ಟ್ಯಾಂಕ್ ಇರುತ್ತದೆ. ಅದಕ್ಕೆ ನೂರಾರು ಕಿಲೋ ನೀರು ತುಂಬಿಸಿ ಬೋಟನ್ನು ಬೇಕೆಂದೇ ತಗ್ಗಿಸುತ್ತಾರೆ. ಹಿಂದೆ ಏಳುವ ಅಲೆ ಸೊಂಟದ ಹತ್ತಿರ ಬರುತ್ತದೆ. ಹಗ್ಗ ಕಟ್ಟುವುದು ತಲೆಗಿಂತ ಎತ್ತರದ ಲೋಹದ ಗೋಪುರಕ್ಕೆ. ನಮ್ಮಲ್ಲಿ ಇರುವುದು ನಲವತ್ತರಿಂದ ಅರವತ್ತು ಎಚ್‌ಪಿ ಔಟ್‌ಬೋರ್ಡ್ ಹಾಕಿದ ಫೈಬರ್ ಬೋಟು. ಇಲ್ಲದಿದ್ದರೆ ಜೆಟ್‌ಸ್ಕೀ. ಇವುಗಳ ಹಿಂದೆ ಏಳುವ ಅಲೆ ಮೊಣಕಾಲು ಮುಟ್ಟಿದರೆ ಅದೇ ದೊಡ್ಡದು. ಆ ದೊಡ್ಡ ಅಲೆಗೆ ಮಾಡಿದ ಬೋರ್ಡನ್ನು ಈ ಪುಟ್ಟ ಅಲೆಗೆ ತಂದರೆ, ನೀವು ಕೊಟ್ಟ ಹೆಚ್ಚಿನ ದುಡ್ಡು ನಿಮಗೇ ಅಡ್ಡಿ ಮಾಡುತ್ತದೆ.

ಇನ್ನು, ಈಗಲೇ ಕೊಳ್ಳಬೇಕಾ ಅನ್ನುವುದು. ಬಾಡಿಗೆ ಬೋರ್ಡಿನ ಮೇಲೆ ನೀರಿನಿಂದ ಹೆಚ್ಚೂಕಡಿಮೆ ಪ್ರತಿ ಸಲ ಏಳುತ್ತೀರಾ? ಬೋಟಿನ ಅಲೆಯನ್ನು ಎರಡೂ ಬದಿಗೆ ದಾಟುತ್ತೀರಾ? ಹಿಮ್ಮಡಿಯ ಅಂಚಿನ ಮೇಲೆ ಮಾತ್ರವಲ್ಲ, ಬೆರಳಿನ ಬದಿಯ ಅಂಚಿನ ಮೇಲೂ ವಾಲಿ ಹೋಗಲು ಬರುತ್ತದಾ? ಹೌದಾದರೆ ಕೊಳ್ಳಿ. ಬೆರಳಿನ ಬದಿ ಇನ್ನೂ ಭಯ ಅನಿಸುತ್ತಿದ್ದರೆ ಇನ್ನಷ್ಟು ದಿನ ಬಾಡಿಗೆಯದೇ ಸಾಕು. ಯಾವ ಕಾಲು ಮುಂದೆ ಅನ್ನುವುದೂ ಅಷ್ಟೊತ್ತಿಗೆ ಗಟ್ಟಿಯಾಗಿರಬೇಕು.

ಕೊಳ್ಳುವುದು ಖಾಯಂ ಆದ ಮೇಲೆ ಮೊದಲು ನೋಡಬೇಕಾದ್ದು ಉದ್ದ. ಇದು ನಿಮ್ಮ ಎತ್ತರದ ಮೇಲೆ ನಿಲ್ಲುವುದಿಲ್ಲ, ತೂಕದ ಮೇಲೆ ನಿಲ್ಲುತ್ತದೆ. ಅಂದಾಜು ಹೀಗೆ: ಐವತ್ತೈದು ಕೆಜಿಯ ಒಳಗಿನವರಿಗೆ 130 ಸೆಂಟಿಮೀಟರಿನ ಆಸುಪಾಸು. ಅರವತ್ತರಿಂದ ಎಪ್ಪತ್ತೈದರವರೆಗೆ 134ರಿಂದ 139. ಅಲ್ಲಿಂದ ತೊಂಬತ್ತರವರೆಗೆ 139ರಿಂದ 143. ಅದಕ್ಕೂ ಮೇಲಿನವರಿಗೆ 144 ಮತ್ತು ಮೇಲೆ. ಪ್ರತಿ ಕಂಪನಿಯೂ ಬೋರ್ಡಿನ ಜೊತೆ ತನ್ನದೇ ತೂಕದ ಪಟ್ಟಿ ಕೊಡುತ್ತದೆ. ಅಗಲ ಬೇರೆ ಬೇರೆ ಇರುವುದರಿಂದ ಪಟ್ಟಿಯೂ ಸ್ವಲ್ಪ ಆಚೀಚೆ ಇರುತ್ತದೆ. ಕೊಳ್ಳುವ ಬೋರ್ಡಿನ ಪಟ್ಟಿಯನ್ನೇ ನಂಬಿ. ನಿಮ್ಮ ತೂಕ ಎರಡು ಅಳತೆಗಳ ನಡುವೆ ಬಂದರೆ, ಕಾರವಾರದ ಮಟ್ಟಿಗೆ, ಯೋಚನೆ ಮಾಡದೆ ದೊಡ್ಡದನ್ನು ತಗೊಳ್ಳಿ.

ಶಿರಸಿಯ ನನ್ನ ಭಾವನ ಉದಾಹರಣೆ ಹೇಳುತ್ತೇನೆ. ತೊಂಬತ್ತರ ಮೇಲಿನ ಆಳು. ಅಡಿಕೆ ಕೊಯ್ಲು ಮುಗಿದ ಮೇಲೆ ಘಟ್ಟ ಇಳಿದು ಬರುತ್ತಾನೆ. ಯಾರೋ ಗೆಳೆಯರ 134ರ ಬೋರ್ಡ್ ಕೈಗೆ ಸಿಕ್ಕಿತ್ತು. ನಾನು ಥ್ರಾಟಲ್ ಕೊಡುತ್ತೇನೆ, ಎಂಜಿನ್ ಗೋಳಾಡುತ್ತದೆ, ಬೋಟಿನ ಮೂತಿ ಮೇಲೆ ಏಳುತ್ತದೆ, ಭಾವ ಎದೆಮಟ್ಟ ನೀರು ತಳ್ಳುತ್ತಾ ಹಿಂದೆ ಬರುತ್ತಾನೆ. ಕೈ ಸೋತು ಹಗ್ಗ ಬಿಡುತ್ತಾನೆ. ಮತ್ತೆ ಅದೇ. ಅವನ ತಂತ್ರದಲ್ಲಿ ಅಂಥ ದೋಷ ಇರಲಿಲ್ಲ, ಮೊಣಕಾಲು ಮಡಚಿ, ಕೈ ನೇರ ಇಟ್ಟು ಸರಿಯಾಗಿಯೇ ಕೂತಿದ್ದ. ಆಮೇಲೆ 144ರದ್ದು ಕಟ್ಟಿಸಿದೆವು. ಅದೇ ಬೋಟು, ಅದೇ ಎಂಜಿನ್ನು. ಎದ್ದು ನಿಂತ. ದೊಡ್ಡ ಬೋರ್ಡಿಗೆ ನೀರಿನ ಮೇಲೆ ಹೆಚ್ಚು ಜಾಗ ಸಿಗುತ್ತದೆ, ಕಡಿಮೆ ವೇಗದಲ್ಲೇ ತೇಲಿ ಮೇಲೆ ಬರುತ್ತದೆ. ಎಂಜಿನ್ ಚಿಕ್ಕದಿದ್ದಷ್ಟೂ ಇದರ ಬೆಲೆ ಜಾಸ್ತಿ. ಚಿಕ್ಕ ಬೋರ್ಡ್ ಗಾಳಿಯಲ್ಲಿ ಸಲೀಸಾಗಿ ತಿರುಗುತ್ತದೆ ಅನ್ನುವುದು ನಿಜವೇ. ಆದರೆ ತಿರುಗುವುದು ಆಮೇಲಿನ ಮಾತು. ಮೊದಲು ಅಲೆಯಿಂದ ಹಾರಿ ಇಳಿಯಬೇಕು, ಇಳಿಯುವಾಗಲೂ ದೊಡ್ಡದೇ ಮೆತ್ತಗೆ ಇಳಿಸುತ್ತದೆ.

ಎರಡನೆಯದು ರಾಕರ್. ಬೋರ್ಡನ್ನು ಪಕ್ಕದಿಂದ ನೋಡಿದರೆ ಕಾಣುವ ಬಾಗು ಇದು. ಕ್ಯಾಟಲಾಗಿನಲ್ಲಿ ಓದಿದರೆ ತಲೆ ತಿರುಗುತ್ತದೆ, ನೆಲದ ಮೇಲೆ ಇಟ್ಟರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಬೋರ್ಡಿನ ಅಡಿಗಿರುವ ಪುಟ್ಟ ರೆಕ್ಕೆಗಳು, ಅಂದರೆ ಫಿನ್, ಕಳಚಿ. ಟೈಲ್ಸ್ ನೆಲದ ಮೇಲೆ ಬೋರ್ಡನ್ನು ಅಡಿ ಕೆಳಗೆ ಮಾಡಿ ಇಡಿ. ನೀವೂ ನೆಲಕ್ಕೆ ಕೆನ್ನೆ ತಾಗಿಸಿ ಪಕ್ಕದಿಂದ ನೋಡಿ. ತುದಿಗಳು ನೆಲದಿಂದ ಆರೇಳು ಸೆಂಟಿಮೀಟರ್ ಮೇಲಿರುತ್ತವೆ. ಈಗ ಒಂದು ವಿಸಿಟಿಂಗ್ ಕಾರ್ಡನ್ನು ತುದಿಯಿಂದ ನಡುವಿಗೆ ತೂರಿಸುತ್ತಾ ಹೋಗಿ. ಕಾರ್ಡು ಹೆಚ್ಚೂಕಡಿಮೆ ಬೋರ್ಡಿನ ನಟ್ಟನಡುವಿನ ತನಕ ಹೋದರೆ ಅದು ಕಂಟಿನ್ಯೂಯಸ್ ರಾಕರ್, ಈ ತುದಿಯಿಂದ ಆ ತುದಿಗೆ ಒಂದೇ ಬಾಗು. ಬೈಂಡಿಂಗಿನ, ಅಂದರೆ ಕಾಲು ತೂರಿಸಿ ಕಟ್ಟುವ ಬೂಟಿನ, ಹತ್ತಿರವೇ ತಡೆದು ನಿಂತು, ನಡುವಿನ ಭಾಗ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿದ್ದರೆ ಅದು ತ್ರೀ ಸ್ಟೇಜ್. ನಡು ಸಪಾಟು, ಎರಡೂ ತುದಿ ಒಮ್ಮೆಲೇ ಮೇಲೆ ಮುರಿದಿರುತ್ತವೆ. ಇವೆರಡರ ನಡುವಿನದಕ್ಕೆ ಹೈಬ್ರಿಡ್ ಅನ್ನುತ್ತಾರೆ.

ತ್ರೀ ಸ್ಟೇಜ್ ಅಲೆಯ ತುದಿಗೆ ಬಂದಾಗ ನೆಟ್ಟಗೆ ಮೇಲಕ್ಕೆ ಚಿಮ್ಮಿಸುತ್ತದೆ. ವಿಡಿಯೋದಲ್ಲಿ ಕಾಣುವ ಆ ಎತ್ತರ ಅದೇ. ಆದರೆ ಅದು ನೀರನ್ನು ತಳ್ಳುತ್ತಾ ಹೋಗುತ್ತದೆ, ಆದ್ದರಿಂದ ನಿಧಾನ. ಚಿಮ್ಮಿಸಲು ಅದಕ್ಕೆ ಗಟ್ಟಿ ದೊಡ್ಡ ಅಲೆ ಬೇಕು. ಕಂಟಿನ್ಯೂಯಸ್ ರಾಕರ್ ವೇಗ ಉಳಿಸಿಕೊಳ್ಳುತ್ತದೆ. ನೀವು ಅಂಚಿನ ಮೇಲೆ ಎಷ್ಟು ಬಿಗಿಯಾಗಿ ಅಲೆಯ ಕಡೆಗೆ ಬಂದಿರೋ ಅಷ್ಟು ಹಾರಿಸುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಮ್ಮ ಪುಟ್ಟ ಅಲೆಗೆ ವೇಗವೇ ಬಂಡವಾಳ. ಕಲಿಯುತ್ತಿರುವವರಿಗೆ, ಅದೂ ಔಟ್‌ಬೋರ್ಡ್ ಹಿಂದೆ ಕಲಿಯುತ್ತಿರುವವರಿಗೆ, ನಾನು ಕಂಟಿನ್ಯೂಯಸ್ ಬಿಟ್ಟು ಬೇರೆ ಹೇಳುವುದಿಲ್ಲ. ಹೈಬ್ರಿಡ್ ಸಿಕ್ಕಿದರೆ ಬೇಡ ಅನ್ನುವುದೂ ಇಲ್ಲ.

ಅಂಚಿನ ಬಗ್ಗೆ ಸ್ವಲ್ಪ. ಬೆರಳಿನಿಂದ ಬೋರ್ಡಿನ ಸುತ್ತ ಸವರಿ. ಕಾಲುಗಳ ನಡುವಿನ ಜಾಗದಲ್ಲಿ ಅಂಚು ದುಂಡಗಿದ್ದು, ತುದಿಗಳ ಕಡೆ ಚೂಪಾಗಿದ್ದರೆ ಒಳ್ಳೆಯದು. ನಡುವೆ ದುಂಡಗಿದ್ದರೆ ಅಂಚು ಸಿಕ್ಕಿಕೊಂಡು ಮುಖ ಅಡಿಯಾಗಿ ಬೀಳುವುದು ಕಡಿಮೆ. ತುದಿಯ ಚೂಪು ನೀರು ಕಚ್ಚಿ ಹಿಡಿಯಲು ಬೇಕು. ಹೊಸಬರ ಕೆಟ್ಟ ಬೀಳುವಿಕೆ ಎಲ್ಲ ಆಗುವುದು ಬೋರ್ಡ್ ಚಪ್ಪಟೆ ಇರುವಾಗ, ಗೊತ್ತಿಲ್ಲದೆ ಮುಂದಿನ ಅಂಚು ತಗ್ಗಿ ನೀರಿಗೆ ಸಿಕ್ಕಾಗ. ಆ ಪೆಟ್ಟು ತಿಂದವರಿಗೆ ವಿವರಿಸುವುದು ಬೇಡ.

ಫಿನ್ನುಗಳು ಸ್ಕ್ರೂ ಹಾಕಿ ತೆಗೆಯುವಂಥವು ಇರಲಿ. ಈಗ ನಾಲ್ಕೂ ಹಾಕಿಕೊಂಡೇ ಓಡಿ, ಬೋರ್ಡ್ ನೇರ ಹೋಗುತ್ತದೆ, ಅಂಚು ಹಿಡಿಯುತ್ತದೆ. ಮುಂದೆ ನೀರಿನ ಮೇಲೆ ಬೋರ್ಡ್ ತಿರುಗಿಸಲು ಕಲಿಯುವಾಗ ಚಿಕ್ಕವು ಹಾಕಬಹುದು, ಕಡಿಮೆ ಮಾಡಬಹುದು. ಬೋರ್ಡಿನಲ್ಲೇ ಅಚ್ಚು ಹಾಕಿದ ಫಿನ್ ಮುರಿದರೆ ಬದಲಿಸಲು ಬರುವುದಿಲ್ಲ. ಕಾಳಿಯ ಬಾಯಲ್ಲಿ ಮರಳಿನ ದಿಬ್ಬಗಳು ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತವೆ. ಹೋದ ವರ್ಷ ಆಳ ಇದ್ದಲ್ಲಿ ಈ ವರ್ಷ ಇಳಿತದ ಹೊತ್ತಿಗೆ ಮೊಣಕಾಲು ನೀರು. ಯಾವ ಫಿನ್ ಹಾಕಿದರೂ ಅಲ್ಲಿಗೆ ಹೋಗಬೇಡಿ, ಉಬ್ಬರದ ಹೊತ್ತು ನೋಡಿಕೊಂಡು ಬನ್ನಿ.

ಕೇಬಲ್ ಪಾರ್ಕಿನ ಬೋರ್ಡ್ ಅಂತ ಬೇರೆ ಜಾತಿ ಇದೆ. ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ಹಿಂದೆ ಆಡಲು ಮಾಡಿದ್ದು. ಮರದ ತಿರುಳು, ಜಾಸ್ತಿ ಬಗ್ಗುತ್ತದೆ, ಅಡಿ ಗಟ್ಟಿ, ಎಷ್ಟೋ ಬೋರ್ಡಿಗೆ ಫಿನ್ನೇ ಇಲ್ಲ. ಆನ್‌ಲೈನಿನಲ್ಲಿ ರಿಯಾಯಿತಿಯಲ್ಲಿ ಕಂಡರೆ ಆಸೆ ಆಗುತ್ತದೆ. ಬೋಟಿನ ಹಿಂದೆ ಇದು ಜಾರುತ್ತದೆ. ನಮಗೆ ಬೇಕಾದ್ದು ಫೋಮ್ ತಿರುಳಿನ, ಬಗ್ಗದೆ ನಿಲ್ಲುವ, ಹಗುರದ ಬೋಟ್ ಬೋರ್ಡ್. ವಿವರಣೆಯಲ್ಲಿ ಬೋಟ್ ಅಂತ ಬರೆದಿದೆಯಾ ನೋಡಿಕೊಂಡೇ ದುಡ್ಡು ಕಟ್ಟಿ.

ಈಗ ಬೈಂಡಿಂಗ್. ಜನ ಬೋರ್ಡಿಗೆ ತಲೆ ಕೆಡಿಸಿಕೊಳ್ಳುತ್ತಾರೆ, ಬೈಂಡಿಂಗ್ ಯಾವುದೋ ಒಂದು ಅಂತ ಬಿಡುತ್ತಾರೆ. ನನ್ನ ಕೇಳಿದರೆ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲೇ. ಬಾಡಿಗೆಯ ಬೈಂಡಿಂಗ್ ಎಲ್ಲರ ಕಾಲಿಗೂ ಆಗಲಿ ಅಂತ ಮಾಡಿದ್ದು. ಅದರಲ್ಲಿ ಹಿಮ್ಮಡಿ ಒಂದು ಬೆರಳು ಮೇಲೆ ಏಳುತ್ತಿರುತ್ತದೆ. ಬೋರ್ಡನ್ನು ವಾಲಿಸಲು ನೀವು ಕೊಟ್ಟ ಬಲದಲ್ಲಿ ಅರ್ಧ ಆ ಸಡಿಲಿನಲ್ಲೇ ಹೋಗುತ್ತದೆ. ಬೆರಳಿನ ಬದಿಯ ಅಂಚು ಬರುವುದಿಲ್ಲ ಅಂತ ಕೊರಗುವ ಎಷ್ಟೋ ಜನರಿಗೆ ಬರದೇ ಇರುವುದು ಅಂಚಲ್ಲ, ಅವರ ಹಿಮ್ಮಡಿ ಒಳಗೆ ನಿಲ್ಲುವುದಿಲ್ಲ ಅಷ್ಟೇ.

ಬೆರಳು ಹೊರಗೆ ಕಾಣುವ ಓಪನ್ ಟೋ, ಪೂರ್ತಿ ಮುಚ್ಚಿದ ಕ್ಲೋಸ್ಡ್ ಟೋ ಅಂತ ಎರಡು ಬಗೆ. ಅಣ್ಣ ತಮ್ಮ ಇಬ್ಬರೂ ಒಂದೇ ಬೋರ್ಡ್ ಬಳಸುವುದಾದರೆ ಓಪನ್ ಟೋ, ಎರಡು ಮೂರು ನಂಬರಿನ ಕಾಲಿಗೆ ಹೊಂದುತ್ತದೆ. ನಿಮಗೊಬ್ಬರಿಗೇ ಆದರೆ, ಇನ್ನು ಕಾಲು ಬೆಳೆಯುವ ವಯಸ್ಸಲ್ಲದಿದ್ದರೆ, ಕ್ಲೋಸ್ಡ್ ಟೋ. ಹಿಡಿತ ಬೇರೆಯೇ. ಹಾಕಿ ನೋಡುವಾಗ ಕಾಲು ಒದ್ದೆ ಮಾಡಿಕೊಳ್ಳಿ, ಒಣ ಕಾಲಿಗೆ ರಬ್ಬರು ಅಂಟಿ ಸುಳ್ಳು ಹೇಳುತ್ತದೆ. ಒಂದು ಹನಿ ಬೇಬಿ ಶಾಂಪೂ ನೀರಿಗೆ ಹಾಕಿಕೊಂಡರೆ ಕಾಲು ಜಾರಿ ಒಳಗೆ ಹೋಗುತ್ತದೆ. ಲೇಸ್ ಕಟ್ಟಿ. ಗೆಳೆಯರಿಗೆ ಬೋರ್ಡ್ ನೆಲಕ್ಕೆ ಒತ್ತಿ ಹಿಡಿಯಲು ಹೇಳಿ, ನೀವು ತುದಿಗಾಲಿನಲ್ಲಿ ನಿಲ್ಲಲು ನೋಡಿ. ಹಿಮ್ಮಡಿ ಏಳಬಾರದು. ಬೆರಳು ಮಡಚಿಕೊಳ್ಳುವಷ್ಟು ಇಕ್ಕಟ್ಟೂ ಇರಬಾರದು. ಮುಖ್ಯ ಅಂದರೆ, ಎರಡೂ ಕಾಲು ಒಂದೇ ಸಮ ಬಿಗಿಯಿರಬೇಕು. ಬಿದ್ದಾಗ ಒಂದು ಕಾಲು ಕಳಚಿ ಇನ್ನೊಂದು ಬೋರ್ಡಿಗೇ ಸಿಕ್ಕಿಕೊಂಡರೆ ಹೋಗುವುದು ಮೊಣಕಾಲು, ಇಲ್ಲವೇ ಕಣಕಾಲು.

ಕಾರವಾರದಲ್ಲಿ ಹಾಕಿ ನೋಡಿ ಕೊಳ್ಳಲು ಎಲ್ಲಿಗೆ ಹೋಗುವುದು ಅಂತೀರಾ? ಬೋರ್ಡ್ ತರಿಸುವ ಮುಂಚೆ ಗೆಳೆಯರ ಬೈಂಡಿಂಗ್ ಬೇಡಿ ಹಾಕಿ ನೋಡಿ, ಅದರ ಕಂಪನಿ, ನಂಬರು ಬರೆದಿಟ್ಟುಕೊಳ್ಳಿ. ಶೂ ನಂಬರು ಒಂದೇ ಆದರೂ ಕಂಪನಿ ಬದಲಾದರೆ ಅಳತೆ ಬದಲಾಗುತ್ತದೆ. ಸೆಂಟಿಮೀಟರಿನಲ್ಲಿ ಪಾದ ಅಳೆದು ಪಟ್ಟಿ ನೋಡುವುದು ಶೂ ನಂಬರಿಗಿಂತ ವಾಸಿ. ಬೋರ್ಡ್ ಬೈಂಡಿಂಗ್ ಸೇರಿದ ಸೆಟ್ ಸಾಮಾನ್ಯವಾಗಿ ಬಿಡಿ ಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗ. ಹಿಂದಿನ ವರ್ಷದ ಮಾಡೆಲ್ ಆದರೆ ಇನ್ನೂ ಅಗ್ಗ, ಬದಲಾಗಿರುವುದು ಹೆಚ್ಚಾಗಿ ಚಿತ್ರ ಅಷ್ಟೇ. ಹೈಪರ್‌ಲೈಟ್, ರಾನಿಕ್ಸ್, ಲಿಕ್ವಿಡ್ ಫೋರ್ಸ್, ಯಾವ ಕಂಪನಿಯಲ್ಲೂ ಪ್ರೋ ಆಟಗಾರರ ಹೆಸರಿನ ಬೋರ್ಡ್ ಒಂದು ಕಡೆ ಇರುತ್ತದೆ, ಕಲಿಯುವವರದ್ದು, ನಡುವಿನ ಹಂತದವರದ್ದು ಇನ್ನೊಂದು ಕಡೆ. ಕಣ್ಣು ಮೊದಲನೆಯದರ ಮೇಲೆ ಹೋಗುತ್ತದೆ. ಕೈ ಎರಡನೆಯದರ ಮೇಲೆ ಇರಲಿ.

ಹಳೆಯದು ಕೊಳ್ಳುವವರಿಗೆ. ಗೋವಾ ಕಡೆಯಿಂದ ಬಳಸಿದ ಬೋರ್ಡುಗಳು ಆಗಾಗ ಬರುತ್ತವೆ, ಒಳ್ಳೆಯವೂ ಇರುತ್ತವೆ. ಒಂದು ರೂಪಾಯಿ ನಾಣ್ಯ ತಗೊಂಡು ಬೋರ್ಡಿನ ಮೇಲೆ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಕ್ ಟಕ್ ಅಂತ ಒಂದೇ ಸದ್ದು ಬರಬೇಕು. ನಡುವೆ ಎಲ್ಲಾದರೂ ಒಣಗಿದ ತೆಂಗಿನಕಾಯಿ ತಟ್ಟಿದ ಹಾಗೆ ಡೊಳ್ಳು ಸದ್ದು ಬಂದರೆ ಅಲ್ಲಿ ಮೇಲಿನ ಪದರ ತಿರುಳಿನಿಂದ ಬಿಟ್ಟುಕೊಂಡಿದೆ. ಹೆಬ್ಬೆರಳಿನಿಂದ ಒತ್ತಿದರೆ ಕುಸಿಯುತ್ತದಾ ನೋಡಿ. ಕುಸಿದರೆ ಪುಕ್ಕಟೆ ಕೊಟ್ಟರೂ ಬೇಡ. ಅಂಚಿನ ಸೀಳು ಇನ್ನೊಂದು. ಸೀಳಿನಿಂದ ನೀರು ಒಳಗೆ ಹೋಗಿ ಫೋಮ್ ಕುಡಿದಿದ್ದರೆ ಬೋರ್ಡ್ ಭಾರ ಬಂದಿರುತ್ತದೆ. ಮೀನು ತೂಗುವ ಕೈತಕ್ಕಡಿ ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ? ತೂಗಿ, ಕಂಪನಿ ಹೇಳಿದ ತೂಕಕ್ಕೆ ಹೋಲಿಸಿ.

ಬೈಂಡಿಂಗ್ ಕಳಚಿಸಿಯೇ ನೋಡಿ. ಮಾರುವವರು ಗೊಣಗಿದರೆ ಗೊಣಗಲಿ. ಬೋರ್ಡಿನೊಳಗೆ ಕೂರಿಸಿದ, ಒಳಗೆ ಎಳೆ ಇರುವ ಲೋಹದ ಮರೆಗಳಿಗೆ (ನಟ್‌ನಂಥವು) ಸ್ಕ್ರೂ ಹೋಗುತ್ತದೆ. ಪ್ರತಿಯೊಂದಕ್ಕೂ ಸ್ಕ್ರೂವನ್ನು ಕೈಯಿಂದಲೇ ತಿರುಗಿಸಿ ಹಾಕಿ. ಸ್ಕ್ರೂ ಜೊತೆ ಮರೆಯೂ ತಿರುಗಿದರೆ ಆ ಬೋರ್ಡ್ ಮುಗಿಯಿತು. ಎಂಜಿನ್ ಕೆಲಸದಲ್ಲೂ ನಾನು ದಿನಾ ನೋಡುವುದು ಇದೇ, ಉಪ್ಪುನೀರು ಮೊದಲು ತಿನ್ನುವುದು ಸ್ಕ್ರೂವಿನ ಎಳೆಯನ್ನು.

ತುಂಬಾ ಹಳೆಯದಾದರೆ ಆಕಾರವನ್ನೂ ನೋಡಿ. ಈ ಆಟದ ಶುರುವಾತಿನ ಬೋರ್ಡುಗಳು, 1985ರಲ್ಲಿ ಟೋನಿ ಫಿನ್ ತಂದ ಸ್ಕರ್ಫರ್‌ನಂಥವು, ಸರ್ಫ್‌ಬೋರ್ಡಿನ ತಮ್ಮಂದಿರು, ಒಂದೇ ಕಡೆ ಮೂತಿ. ತುಂಬಾ ತೇಲುತ್ತಿದ್ದವು, ಕಾಲಿಗೆ ಕಟ್ಟಿಕೊಂಡು ನೀರಿನೊಳಗೆ ಕೂರುವುದೇ ಕಷ್ಟ. 1990ರಲ್ಲಿ ಹರ್ಬ್ ಓಬ್ರಿಯನ್ ತೆಳುವಾದ, ಹೆಚ್ಚು ತೇಲದ ಹೈಪರ್‌ಲೈಟ್ ತಂದ ಮೇಲೆ ಆಳದ ನೀರಿನಿಂದ ಏಳುವುದು ಸುಲಭವಾಯಿತು. ಎರಡೂ ತುದಿ ಒಂದೇ ಥರ ಇರುವ ಟ್ವಿನ್ ಟಿಪ್ ಬಂದದ್ದು ಅದರ ನಂತರ. ನಿಮಗೆ ಬೇಕಾದ್ದು ಟ್ವಿನ್ ಟಿಪ್. ಇನ್ನೊಂದು ಕಾಲು ಮುಂದೆ ಮಾಡಿ ಓಡಲು ಕಲಿಯದೆ ಮುಂದಿನ ಯಾವ ಆಟವೂ ಬರುವುದಿಲ್ಲ. ಮೂತಿ ಚೂಪಾದ ಬೋರ್ಡನ್ನು ಗೋಡೆಗೆ ನೇತುಹಾಕಲು ಬೇಕಾದರೆ ಕೊಳ್ಳಿ.

ಬೋರ್ಡಿಗೆ ಎಲ್ಲ ದುಡ್ಡು ಹಾಕಿ ಹಗ್ಗಕ್ಕೆ ಉಳಿಸದವರೂ ಇದ್ದಾರೆ. ಬಲೆಗೆ ಬಳಸುವ ನೈಲಾನ್ ಹಗ್ಗ ಕಟ್ಟಿ ತರುತ್ತಾರೆ. ಅದು ರಬ್ಬರಿನಂತೆ ಜಗ್ಗುತ್ತದೆ, ಹಾರುವ ಕ್ಷಣದಲ್ಲಿ ಸಡಿಲಾಗಿ ನಿಮ್ಮನ್ನು ಗಾಳಿಯಲ್ಲಿ ಕೈಬಿಡುತ್ತದೆ, ಹಿಡಿ ಕೈತಪ್ಪಿದರೆ ಬೋಟಿನೊಳಗಿರುವವರ ಮುಖಕ್ಕೆ ಹಾರಿ ಬರುತ್ತದೆ. ಜಗ್ಗದ ಸ್ಪೆಕ್ಟ್ರಾ ಅಥವಾ ಡೈನೀಮಾ ನೂಲಿನ ವೇಕ್‌ಬೋರ್ಡ್ ಹಗ್ಗವನ್ನೇ ತಗೊಳ್ಳಿ, ಉದ್ದ ಕಡಿಮೆ ಮಾಡಿಕೊಳ್ಳಲು ತುಂಡು ತುಂಡಾಗಿ ಬಿಚ್ಚುವಂಥದ್ದು. ಲೈಫ್ ಜಾಕೆಟ್ ಬಗ್ಗೆ ನಾನು ವಾದ ಮಾಡುವುದಿಲ್ಲ. ಹಾಕದವರನ್ನು ಎಳೆಯುವುದಿಲ್ಲ. ಹಿಂದೆ ನೋಡಲು ಬೋಟಿನಲ್ಲಿ ಇನ್ನೊಬ್ಬರು ಇಲ್ಲದಿದ್ದರೂ ಎಳೆಯುವುದಿಲ್ಲ.

ಬೋರ್ಡ್ ಮನೆಗೆ ಬಂತು ಅನ್ನಿ. ಬೈಂಡಿಂಗ್ ಕೂರಿಸುವಾಗ ಕಾಲುಗಳ ನಡುವೆ ನಿಮ್ಮ ಭುಜದಗಲ, ಬೇಕಿದ್ದರೆ ಚೂರು ಹೆಚ್ಚು. ಮುಂದಿನ ಕಾಲು ಹೊರಕ್ಕೆ ಹದಿನೆಂಟು ಡಿಗ್ರಿ, ಹಿಂದಿನದು ಸೊನ್ನೆ ಅಥವಾ ಒಂಬತ್ತು ಡಿಗ್ರಿ. ಕಾಲು ಬದಲಿಸಿ ಓಡಲು ಶುರು ಮಾಡಿದಾಗ ಎರಡನ್ನೂ ಒಂಬತ್ತಕ್ಕೆ ತನ್ನಿ. ಸ್ಕ್ರೂ ಬಿಗಿಯಲು ಡ್ರಿಲ್ ಮೆಷಿನ್ ಮುಟ್ಟಬೇಡಿ, ಕೈ ಸ್ಕ್ರೂಡ್ರೈವರ್ ಸಾಕು. ಎಳೆಗೆ ಅಕ್ಕಿಕಾಳಿನಷ್ಟು ಮರೀನ್ ಗ್ರೀಸ್ ಸವರಿ. ಪ್ರತಿ ಸಲ ನೀರಿಗೆ ಇಳಿಯುವ ಮುಂಚೆ ಸ್ಕ್ರೂ ಸಡಿಲಾಗಿದೆಯಾ ನೋಡಿ.

ವೇಗ ಮೊದಲು ಗಂಟೆಗೆ 25ರಿಂದ 28 ಕಿಲೋಮೀಟರ್, ಹಗ್ಗ ಸುಮಾರು 15 ಮೀಟರ್. ಹೊಸ ಬೋರ್ಡ್ ಕಾಲಿಗೆ ಒಗ್ಗಿ, ಅಲೆ ದಾಟುವುದು ಸಲೀಸಾದ ಮೇಲೆ 30ರ ಮೇಲೆ ಹೋಗಿ, ಹಗ್ಗ 18 ಮೀಟರ್ ಮಾಡಿ. ಚಿಕ್ಕ ಬೋಟಿನಲ್ಲಿ ವೇಗದ ಮುಳ್ಳನ್ನು ನಂಬಬೇಡಿ, ಮೊಬೈಲಿನ ಜಿಪಿಎಸ್ ನೋಡಿ. ತುಂಬಾ ನಿಧಾನ ಹೋದರೆ ಅಲೆಯ ತುದಿ ಬರೀ ನೊರೆ, ಅದರ ಮೇಲೆ ಹಾರಲು ಬರುವುದಿಲ್ಲ. ಸ್ವಲ್ಪ ಸ್ವಲ್ಪವೇ ಏರಿಸಿ, ನೊರೆ ಹೋಗಿ ಅಲೆಯ ನೆತ್ತಿ ಗಾಜಿನಂತೆ ಕಾಣುವಲ್ಲಿ ನಿಲ್ಲಿಸಿ ಅಂತ ಓಡಿಸುವವರಿಗೆ ಹೇಳಿ.

ಅಕ್ಟೋಬರ್‌ನಿಂದ ಮೇ ತನಕ, ಬೆಳಿಗ್ಗೆ. ಹೊತ್ತು ಏರಿದ ಮೇಲೆ ಸಮುದ್ರದ ಗಾಳಿ ಬೀಸಿ ನದಿಯ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತದೆ, ಆಗ ಬೋರ್ಡ್ ಯಾವುದಾದರೂ ಒಂದೇ. ಬಲೆಯ ಬೆಂಡು ಕಂಡರೆ ದೂರದಿಂದಲೇ ತಿರುಗಿಸಿ, ಅದು ಇನ್ನೊಬ್ಬರ ಅನ್ನ. ಸೇತುವೆಯ ಕಂಬಗಳ ಹತ್ತಿರ ಬೇಡ, 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದ ಜಾಗದ ಕಡೆ ಅಂತೂ ಬೇಡವೇ ಬೇಡ. ತೆಂಕಕ್ಕೆ ಅರ್ಗಾ ಕಡೆ ನೌಕಾನೆಲೆ, ಅಲ್ಲಿಗೂ ಹೋಗುವ ಹಾಗಿಲ್ಲ.

ಮುಗಿದ ಮೇಲೆ ಬಾವಿ ನೀರಿನಲ್ಲಿ ಬೋರ್ಡ್, ಬೈಂಡಿಂಗ್, ಹಗ್ಗ ಮೂರನ್ನೂ ತೊಳೆಯಿರಿ. ಬೈಂಡಿಂಗ್ ಒಳಗೆ ಮರಳು ಕೂತಿರುತ್ತದೆ, ಲೇಸ್ ಪೂರ್ತಿ ಬಿಚ್ಚಿ ನೀರು ಬಿಡಿ. ನೆರಳಲ್ಲಿ ಒಣಗಿಸಿ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಬೋರ್ಡ್ ಬಿಟ್ಟರೆ ಆ ಶಾಖಕ್ಕೆ ಅಂಟು ಬಿಟ್ಟು ಪದರ ಏಳುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಬೈಂಡಿಂಗ್ ಕಳಚಿ, ಸ್ಕ್ರೂಗಳನ್ನು ಒಂದು ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ಹೆಸರು ಬರೆಯಿರಿ. ಅಕ್ಟೋಬರ್‌ನಲ್ಲಿ ಅರ್ಧ ಊರು ನನ್ನ ಅಂಗಡಿಗೆ ಬರುವುದು ಆರು ಎಂಎಂ ಸ್ಕ್ರೂ ಇದೆಯಾ ಅಂತ ಕೇಳಿಕೊಂಡು.